ಪ್ಲೇಟ್ ಒಂದು ಚೆನ್ನಾಗಿದ್ದಿದ್ದರೆ: ಬಿಭಾ ಚೌಧುರಿ ಅವರ ಕಥೆ

ಹೋದ ಸೆಮ್‌ನಲ್ಲಿ ನಮ್ಮ ಕ್ಲಾಸಲ್ಲಿ ಎಲ್ಲರೂ ಒಂದೊಂದು ಸೆಮಿನಾರ್ ಕೊಡಬೇಕಿತ್ತು. ಸುಲಭದ ಟಾಪಿಕ್‌ಗಳೆಲ್ಲಾ ಬೇಗ ಬಂದವರ ಪಾಲಾದವು. ಲೇಟಾಗಿ ಹೋದ ನಂಗೆ ಉಳಿದಿದ್ದು ಪಾರ್ಟಿಕಲ್ ಡಿಟೆಕ್ಟರ್‌ಗಳಲ್ಲಿ ಬಂಪ್ ಬಾಂಡಿಂಗ್. ಆ ಟಾಪಿಕ್ ಓದೋಕೆ ಕೂತವರಿಗೆ ಬಿಭಾ ಚೌಧುರಿ ಅನ್ನೋರು ಸಿಕ್ಕರು. ಅವರ ಬಗ್ಗೆ ಬರೀಬೇಕು ಅಂತ ಅವತ್ತೇ ಅಂದ್ಕೊಂಡಿದ್ದೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲು ಬಂಪ್ ಬಾಂಡಿಂಗ್ ಅಂದ್ರೇನು ಅಂತ ಚಿಕ್ಕದಾಗಿ ಹೇಳ್ತೀನಿ, ಕೊನೆಯಲ್ಲಿ ಬೇಕಾಗುತ್ತೆ. ಜಿನೀವಾ ಹತ್ತಿರದ ಸೆರ್ನ್‌ನಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಜಾಗದ ಸುತ್ತ ಪಿಕ್ಸೆಲ್ ಡಿಟೆಕ್ಟರ್ ಇರುತ್ತೆ. ಅದರಲ್ಲಿ ಎರಡು ಸಿಲಿಕಾನ್ ಪದರ. ಒಂದು ಸೆನ್ಸರ್, ಕಣ ಹಾದುಹೋದಾಗ ಅದರಲ್ಲಿ ಸ್ವಲ್ಪ ಚಾರ್ಜ್ ಹುಟ್ಟುತ್ತೆ. ಇನ್ನೊಂದು ರೀಡೌಟ್ ಚಿಪ್, ಆ ಚಾರ್ಜನ್ನು ಓದುತ್ತೆ. ಎರಡನ್ನೂ ಬೇರೆ ಬೇರೆ ತಯಾರಿಸಿ, ಒಂದನ್ನು ಮಗುಚಿ ಇನ್ನೊಂದರ ಮೇಲೆ ಕೂರಿಸ್ತಾರೆ. ನಡುವೆ ಪ್ರತಿ ಪಿಕ್ಸೆಲ್‌ಗೂ ಒಂದೊಂದು ಸೋಲ್ಡರ್ ಗುಂಡು. ಅದೇ ಬಂಪ್. ಹೊಸ ಡಿಟೆಕ್ಟರ್‌ಗಳಲ್ಲಿ ಒಂದು ಬಂಪ್‌ಗೂ ಪಕ್ಕದ ಬಂಪ್‌ಗೂ ಇರುವ ದೂರ ಬರೀ 50 ಮೈಕ್ರಾನ್, ಅಂದ್ರೆ ನಮ್ಮ ತಲೆಕೂದಲಿನ ದಪ್ಪಕ್ಕಿಂತ ಹೆಚ್ಚೇನಿಲ್ಲ. ಕೂರಿಸುವಾಗ ಚೂರು ಆಚೀಚೆ ಆದ್ರೂ, ಬಿಸಿಗೆ ಸೋಲ್ಡರ್ ಕರಗಿದಾಗ ಅದರ ಸರ್ಫೇಸ್ ಟೆನ್ಶನ್ನೇ ಚಿಪ್ಪನ್ನು ಎಳೆದು ಸರಿಯಾದ ಜಾಗಕ್ಕೆ ತರುತ್ತೆ. ವರ್ಷಗಟ್ಟಲೆ ರೇಡಿಯೇಷನ್ ಹೊಡೆತ ತಿಂದ್ರೂ ಸೆನ್ಸರ್, ಚಿಪ್ ಎರಡೂ ತಡ್ಕೋಬೇಕು ಅಂತ ಇಡೀ ಡಿಟೆಕ್ಟರನ್ನು ಸೊನ್ನೆ ಡಿಗ್ರಿಗಿಂತ ತಣ್ಣಗೆ ಇಡ್ತಾರೆ. ಒಂದು ಬಂಪ್ ಬಿರುಕು ಬಿಟ್ಟರೆ ಆ ಪಿಕ್ಸೆಲ್ ಕುರುಡಾಗಲ್ಲ. ಕಣವನ್ನು ನೋಡೇ ನೋಡುತ್ತೆ. ನೋಡಿದ್ದು ಯಾರಿಗೂ ತಲುಪಲ್ಲ, ಅಷ್ಟೇ.

ಇದೆಲ್ಲಾ ಬರೋ ಮುಂಚೆ ಕಣಗಳನ್ನ ಹೇಗೆ ಹಿಡೀತಿದ್ರು ಅಂತ ಹುಡುಕಿದಾಗ ಸಿಕ್ಕಿದ್ದು ಫೋಟೋ ಪ್ಲೇಟ್. ಗಾಜಿನ ಮೇಲೆ ಜೆಲಟಿನ್ ಪದರ, ಅದರೊಳಗೆ ಸಿಲ್ವರ್ ಬ್ರೋಮೈಡ್‌ನ ಸಣ್ಣ ಸಣ್ಣ ಹರಳುಗಳು. ಚಾರ್ಜ್ ಇರುವ ಕಣ ಹಾದುಹೋದ್ರೆ ದಾರಿಯಲ್ಲಿ ಸಿಕ್ಕಿದ ಹರಳುಗಳಿಗೆ ಗುರುತು ಬೀಳುತ್ತೆ. ಡೆವಲಪ್ ಮಾಡಿದ್ರೆ ಸಾಲಾಗಿ ಕಪ್ಪು ಚುಕ್ಕಿಗಳು. ಒಂದೊಂದು ಹರಳೂ ಒಂದೊಂದು ಪಿಕ್ಸೆಲ್ ಇದ್ದಂಗೆ. ವೈರಿಲ್ಲ, ಬಂಪ್ ಇಲ್ಲ, ಚಿಪ್ಪೂ ಇಲ್ಲ. ರೀಡೌಟ್ ಮಾಡೋದು ಮೈಕ್ರೋಸ್ಕೋಪ್ ಮುಂದೆ ಕೂತ ಮನುಷ್ಯರ ಕಣ್ಣು. ಭಾರತದಲ್ಲಿ ಹಾಗೆ ಕೂತವರಲ್ಲಿ ಮೊದಲಿಗರು ಬಿಭಾ ಚೌಧುರಿ.

ಬಿಭಾ ಹುಟ್ಟಿದ್ದು 1913ರಲ್ಲಿ, ಕಲ್ಕತ್ತಾದಲ್ಲಿ. ತಂದೆ ಡಾಕ್ಟರು. ತಾಯಿ ಕಡೆಯವರು ಬ್ರಹ್ಮ ಸಮಾಜದವರು, ಆ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಓದಿಸೋದು ವಾಡಿಕೆ ಆಗಿತ್ತು. 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಫಿಸಿಕ್ಸ್‌ನಲ್ಲಿ ಎಂಎಸ್ಸಿ ಮುಗಿಸಿದರು. ಆ ಬ್ಯಾಚಲ್ಲಿ ಇದ್ದ ಹುಡುಗಿ ಅವರೊಬ್ಬರೇ. ನಮ್ಮ ಮೆಕ್ಯಾನಿಕಲ್ ಬ್ರಾಂಚ್‌ನ ಹುಡುಗಿಯರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಸಂಶೋಧನೆ ಮಾಡಬೇಕು ಅಂತ ಅವರು ಹೋಗಿದ್ದು ಡಿ. ಎಂ. ಬೋಸ್ ಹತ್ತಿರ. ಇವರು ಜಗದೀಶ ಚಂದ್ರ ಬೋಸರ ಸೋದರಳಿಯ. ಹೆಂಗಸರಿಗೆ ಕೊಡುವಂಥ ಕೆಲಸ ತಮ್ಮ ಹತ್ತಿರ ಇಲ್ಲ ಅಂತ ಮೊದಲು ಬೋಸ್ ಹೇಳಿದ್ದರಂತೆ. ಬಿಭಾ ಜಗಳ ಆಡಲಿಲ್ಲ, ವಾಪಸ್ಸೂ ಹೋಗಲಿಲ್ಲ. ಕೊನೆಗೆ ಬೋಸ್ ಒಪ್ಪಿಕೊಂಡರು. ಜಗದೀಶ ಚಂದ್ರರು ತೀರಿಕೊಂಡ ಮೇಲೆ, 1938ರಲ್ಲಿ, ಡಿ. ಎಂ. ಬೋಸ್ ಬೋಸ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾದರು, ಬಿಭಾ ಕೂಡ ಅಲ್ಲಿಗೆ ಬಂದರು.

ಆಗ ವಿಯೆನ್ನಾದ ಮರಿಯೆಟ್ಟಾ ಬ್ಲೌ ಮತ್ತು ಹೆರ್ತಾ ವಾಂಬಾಖರ್ ಅನ್ನೋ ಇಬ್ಬರು ವಿಜ್ಞಾನಿಗಳು ಬೆಟ್ಟದ ಮೇಲೆ ಫೋಟೋ ಪ್ಲೇಟ್ ಇಟ್ಟು ಕಾಸ್ಮಿಕ್ ಕಿರಣಗಳ ಗುರುತು ಹಿಡಿದಿದ್ದರು. ಅದೇ ವಿಧಾನವನ್ನು ಬೋಸ್ ಮತ್ತು ಬಿಭಾ ಇಲ್ಲಿ ಶುರು ಮಾಡಿದರು. ದೊಡ್ಡ ಮಷೀನ್ ಬೇಡ, ಕರೆಂಟ್ ಬೇಡ. ಎತ್ತರದ ಜಾಗ ಒಂದಿದ್ದರೆ ಸಾಕು. ಕಾಸ್ಮಿಕ್ ಕಿರಣಗಳು ಗಾಳಿಯಲ್ಲಿ ಬರ್ತಾ ಬರ್ತಾ ಕಮ್ಮಿ ಆಗೋದ್ರಿಂದ ಎತ್ತರ ಹೋದಷ್ಟೂ ಲಾಭ. ಸುಮಾರು 7,000 ಅಡಿಯ ಡಾರ್ಜಿಲಿಂಗ್‌ನಲ್ಲಿ, ಸುಮಾರು 12,000 ಅಡಿಯ ಸಂದಕ್‌ಫುನಲ್ಲಿ, ಇನ್ನೂ ಮೇಲೆ ಟಿಬೆಟ್‌ನ ಫಾರಿ ಜೋಂಗ್‌ನಲ್ಲಿ ಪ್ಲೇಟ್‌ಗಳನ್ನು ತಿಂಗಳುಗಟ್ಟಲೆ ಇಟ್ಟರು. ಆಮೇಲೆ ಕೆಳಗೆ ತಂದು, ಡೆವಲಪ್ ಮಾಡಿ, ಮೈಕ್ರೋಸ್ಕೋಪ್‌ನಲ್ಲಿ ಒಂದೊಂದೇ ಗೆರೆ ನೋಡಬೇಕು. ಇವತ್ತಿನ ಪಿಕ್ಸೆಲ್ ಚಿಪ್ 25 ನ್ಯಾನೋಸೆಕೆಂಡಿಗೊಮ್ಮೆ ಲೆಕ್ಕ ಕೊಡುತ್ತೆ. ಪ್ಲೇಟಿಗೆ ಟೈಮೇ ಗೊತ್ತಿಲ್ಲ. ಅಷ್ಟೂ ತಿಂಗಳಲ್ಲಿ ಬಿದ್ದಿದ್ದೆಲ್ಲಾ ಒಂದರ ಮೇಲೊಂದು ಇರುತ್ತೆ, ಅದರಲ್ಲಿ ಬೇಕಾದ್ದನ್ನು ಕಣ್ಣೇ ಆರಿಸಬೇಕು.

ಅವರು ಹುಡುಕುತ್ತಿದ್ದಿದ್ದು ಮೆಸೋಟ್ರಾನ್ ಅನ್ನೋ ಕಣವನ್ನ. ಎಲೆಕ್ಟ್ರಾನ್‌ಗಿಂತ ಭಾರ, ಪ್ರೋಟಾನ್‌ಗಿಂತ ಹಗುರ. ಅದರ ತೂಕ ಹೇಳೋದು ಹೇಗೆ? ಪ್ಲೇಟ್ ಮೇಲಿನ ಗೆರೆಯಲ್ಲೇ ಎರಡು ಸುಳಿವು ಇರುತ್ತೆ. ಕಣ ನಿಧಾನ ಆದಷ್ಟೂ ಚುಕ್ಕಿಗಳು ಒತ್ತೊತ್ತಾಗಿ ಬೀಳುತ್ವೆ. ಕಣ ಹಗುರ ಇದ್ದಷ್ಟೂ ದಾರಿಯಲ್ಲಿ ಜಾಸ್ತಿ ಡೊಂಕಾಗುತ್ತೆ. ಚುಕ್ಕಿಗಳ ನಡುವಿನ ದೂರ, ಗೆರೆಯ ಡೊಂಕು, ಎರಡನ್ನೂ ಅಳೆದು ಲೆಕ್ಕ ಹಾಕಿದರೆ ಕಣದ ತೂಕ ಸಿಗುತ್ತೆ. ಬೋಸ್ ಮತ್ತು ಬಿಭಾ ಅವರಿಗೆ ಸಿಕ್ಕ ಉತ್ತರ ಎಲೆಕ್ಟ್ರಾನ್‌ನ ಸುಮಾರು 200 ಪಟ್ಟು. 1940ರಿಂದ 1942ರವರೆಗೆ ನೇಚರ್ ಪತ್ರಿಕೆಯಲ್ಲಿ ಇವರ ಲೇಖನಗಳು ಬಂದವು. ಬಿಭಾ ಅವರಿಗೆ ಆಗ ಇನ್ನೂ 30 ತುಂಬಿರಲಿಲ್ಲ.

ಇಲ್ಲೇ ತೊಂದರೆ ಇದ್ದಿದ್ದು. ನಿಜವಾಗಿ ಅಲ್ಲಿ ಎರಡು ಬೇರೆ ಬೇರೆ ಕಣಗಳಿದ್ದವು. ಈಗ ಮ್ಯೂಯಾನ್ ಅನ್ನೋದು ಎಲೆಕ್ಟ್ರಾನ್‌ನ 207 ಪಟ್ಟು, ಪಯಾನ್ ಅನ್ನೋದು 273 ಪಟ್ಟು. ಎರಡನ್ನೂ ಬೇರೆ ಮಾಡಿ ನೋಡೋಕೆ ಒಳ್ಳೇ ಪ್ಲೇಟ್ ಬೇಕು. ಇವರ ಕೈಲಿದ್ದಿದ್ದು ಹಾಫ್‌ಟೋನ್ ಪ್ಲೇಟ್‌ಗಳು. ಇನ್ನೂ ಸೂಕ್ಷ್ಮವಾದ ಫುಲ್‌ಟೋನ್ ಪ್ಲೇಟ್ ಬೇಕಿತ್ತು. ಆದರೆ ಎರಡನೇ ಮಹಾಯುದ್ಧ ನಡೀತಿತ್ತು, ಅವು ಭಾರತಕ್ಕೆ ಸಿಗಲಿಲ್ಲ. ಕೆಲಸ ಅಲ್ಲಿಗೇ ನಿಂತಿತು.

ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸೆಸಿಲ್ ಪವೆಲ್ ಅವರ ತಂಡಕ್ಕೆ ಇಲ್‌ಫೋರ್ಡ್ ಕಂಪನಿಯ ಹೊಸ ಪ್ಲೇಟ್‌ಗಳು ಸಿಕ್ಕವು, ಸಿಲ್ವರ್ ಬ್ರೋಮೈಡ್ ಜಾಸ್ತಿ ತುಂಬಿದ್ದವು. 1947ರಲ್ಲಿ ಅವರು ಪಯಾನ್ ಕಂಡುಹಿಡಿದರು. 1950ರ ನೊಬೆಲ್ ಪವೆಲ್ ಅವರಿಗೆ ಬಂತು.

ಬಿಭಾ ಅವರ ನೊಬೆಲ್ ಕದ್ದುಬಿಟ್ಟರು ಅನ್ನೋ ಥರದ ರೀಲ್ಸ್ ಈಗ ಓಡಾಡ್ತವೆ. ಅದು ಪೂರ್ತಿ ಸರಿಯಲ್ಲ ಅಂತ ನಂಗನ್ಸುತ್ತೆ. ಪಯಾನ್ ನಿಂತು, ಅದರಿಂದ ಮ್ಯೂಯಾನ್ ಹೊರಡೋದನ್ನ ಒಂದೇ ಪ್ಲೇಟಿನಲ್ಲಿ ಬ್ರಿಸ್ಟಲ್ ತಂಡ ತೋರಿಸಿತು. ಅದನ್ನ ಇವರು ನೋಡಿರಲಿಲ್ಲ. ಪವೆಲ್ ಕೂಡ ಬೋಸ್ ಮತ್ತು ಬಿಭಾ ಅವರ ಕೆಲಸ ತನಗಿಂತ ಮುಂಚಿನದು ಅಂತ ಆಮೇಲೆ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಕಳ್ಳತನ ಆಗಿಲ್ಲ. ಆದರೆ ಐಡಿಯಾ ಸರಿ, ವಿಧಾನ ಸರಿ, ಬೆಟ್ಟ ಸರಿ, ಕಣ್ಣು ಸರಿ, ಪ್ಲೇಟ್ ಮಾತ್ರ ಸರಿ ಇರಲಿಲ್ಲ. ಕದ್ದರು ಅನ್ನೋದಕ್ಕಿಂತ ನಂಗೆ ಇದೇ ಜಾಸ್ತಿ ಬೇಜಾರು ಮಾಡಿತು.

1945ರಲ್ಲಿ ಬಿಭಾ ಮ್ಯಾಂಚೆಸ್ಟರ್‌ಗೆ ಹೋದರು, ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಲ್ಯಾಬಿಗೆ. ಅಲ್ಲಿ ಅವರ ವಿಷಯ ಏರ್ ಶವರ್. ಒಂದು ಕಾಸ್ಮಿಕ್ ಕಣ ವಾತಾವರಣಕ್ಕೆ ಹೊಡೆದು ಸಾವಿರಾರು ಕಣಗಳ ಮಳೆ ಸುರಿಸುತ್ತಲ್ಲ, ಅದು. ಅಲ್ಲಿನ ಪತ್ರಿಕೆಯೊಂದು ಅವರನ್ನು ಸಂದರ್ಶನ ಮಾಡಿತ್ತು. ಫಿಸಿಕ್ಸ್‌ಗೆ ಹೆಂಗಸರು ಇಷ್ಟು ಕಡಿಮೆ ಬರೋದು ದುರಂತ ಅಂತ ಅದರಲ್ಲಿ ಬೇಸರ ಮಾಡ್ಕೊಂಡಿದ್ದರು. 1949ರಲ್ಲಿ ಪಿಎಚ್‌ಡಿ ಪ್ರಬಂಧ ಕೊಟ್ಟು ಭಾರತಕ್ಕೆ ಬಂದರು. ಹೋಮಿ ಭಾಭಾ ಆಗ ಮುಂಬೈಯಲ್ಲಿ ಟಿಐಎಫ್‌ಆರ್ ಕಟ್ತಾ ಇದ್ದರು. ಆ ಸಂಸ್ಥೆ ಸೇರಿದ ಮೊದಲ ಮಹಿಳಾ ಸಂಶೋಧಕಿ ಬಿಭಾ. 1957ರವರೆಗೆ ಅಲ್ಲಿದ್ದರು.

ಆಮೇಲೆ ಅಹಮದಾಬಾದಿನ ಪಿಆರ್‌ಎಲ್ ಸೇರಿದರು, ವಿಕ್ರಮ್ ಸಾರಾಭಾಯಿ ಅವರ ಸಂಸ್ಥೆ. ಇಲ್ಲಿಂದ ಕಥೆ ನಮ್ಮ ಕೋಲಾರಕ್ಕೆ ಬರುತ್ತೆ. ಕೆಜಿಎಫ್ ಅಂದ್ರೆ ನಮಗೆಲ್ಲಾ ರಾಕಿ ಭಾಯ್. ಆದರೆ ಕಾಸ್ಮಿಕ್ ಕಿರಣದವರಿಗೆ ಆ ಗಣಿ ಬೇರೆಯೇ ಚಿನ್ನ. ಕಿಲೋಮೀಟರ್‌ಗಟ್ಟಲೆ ಕಲ್ಲು ಮೇಲಿದ್ದರೆ ಮಿಕ್ಕೆಲ್ಲಾ ಕಣಗಳು ಅಲ್ಲೇ ನಿಂತುಬಿಡುತ್ವೆ. ಮ್ಯೂಯಾನ್, ನ್ಯೂಟ್ರಿನೋ ಥರದವು ಮಾತ್ರ ಕೆಳಗೆ ಬರುತ್ವೆ. ನಂಜನಗೂಡು ಕಡೆಯ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಶುರುವಿನಲ್ಲೇ ಅಲ್ಲಿ ಪ್ರಯೋಗ ಆರಂಭಿಸಿದ್ದರು. 1965ರಲ್ಲಿ 2 ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ಕಿದ್ದೂ ಅದೇ ಗಣಿಯಲ್ಲಿ. ಪಿಆರ್‌ಎಲ್‌ನಲ್ಲಿದ್ದಾಗ ಬಿಭಾ ಅವರೂ ಕೆಜಿಎಫ್ ಪ್ರಯೋಗಗಳಲ್ಲಿ ಕೆಲಸ ಮಾಡಿದರು. ಹಿಮಾಲಯದ ತುದಿಯಲ್ಲಿ ಶುರು ಮಾಡಿದವರು ಕೋಲಾರದ ಗಣಿವರೆಗೂ ಬಂದರು. ಹುಡುಕಿದ್ದು ಮಾತ್ರ ಅದೇ ಕಾಸ್ಮಿಕ್ ಕಿರಣ.

ಅದಾದ ಮೇಲೆ ಮೌಂಟ್ ಅಬುನಲ್ಲಿ ಏರ್ ಶವರ್ ಪ್ರಯೋಗ ಮಾಡಬೇಕು ಅಂತ ಅವರ ಪ್ಲಾನ್ ಇತ್ತು. ಸಾರಾಭಾಯಿ ಅವರ ಜೊತೆ ಮಾತಾಡಿಯೂ ಇದ್ದರು. 1971ರಲ್ಲಿ ಸಾರಾಭಾಯಿ ತೀರಿಕೊಂಡರು, ಪ್ಲಾನ್ ಮುಂದೆ ಹೋಗಲಿಲ್ಲ. ಬಿಭಾ ಕೆಲಸ ಬಿಟ್ಟು ಕಲ್ಕತ್ತಾಗೆ ವಾಪಸ್ ಬಂದರು. ಹಾಗಂತ ಸುಮ್ಮನೆ ಕೂರಲಿಲ್ಲ, ಸಾಹಾ ಇನ್‌ಸ್ಟಿಟ್ಯೂಟ್ ಮುಂತಾದ ಕಡೆ ಸಂಶೋಧನೆ ಮುಂದುವರಿಸಿದರು. ಮದುವೆ ಆಗಿರಲಿಲ್ಲ. 1991ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಮಾಡ್ತಾನೇ ಇದ್ದರು. ದೇಶದ ದೊಡ್ಡ ವಿಜ್ಞಾನ ಅಕಾಡೆಮಿಗಳು ಯಾವುದೂ ಅವರನ್ನು ಫೆಲೋ ಮಾಡಲಿಲ್ಲ. ದೊಡ್ಡ ಪ್ರಶಸ್ತಿಯೂ ಇಲ್ಲ.

2018ರಲ್ಲಿ ರಾಜಿಂದರ್ ಸಿಂಗ್ ಮತ್ತು ಸುಪ್ರಕಾಶ್ ರಾಯ್ ಅವರ ಬಗ್ಗೆ ಪುಸ್ತಕ ಬರೆದರು. ಆಮೇಲೆ ಜನಕ್ಕೆ ಗೊತ್ತಾಗೋಕೆ ಶುರುವಾಯಿತು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಎಚ್‌ಡಿ 86081 ಅನ್ನೋ ನಕ್ಷತ್ರಕ್ಕೆ ಬಿಭಾ ಅಂತ ಹೆಸರಿಟ್ಟಿತು. ಬೆಂಗಾಲಿಯಲ್ಲಿ ವ ಇರೋ ಕಡೆ ಬ ಬರುತ್ತಲ್ಲ, ನಮ್ಮ ವಿಭಾ ಅವರ ಬಿಭಾ. ಬೆಳಕು, ಕಾಂತಿ ಅಂತ ಅರ್ಥ. ಆ ನಕ್ಷತ್ರದ ಸುತ್ತ ತಿರುಗುವ ಗ್ರಹದ ಹೆಸರು ಸಂತಮಸ, ಅಂದ್ರೆ ಮಬ್ಬು, ಕತ್ತಲು.

ಸೆಮಿನಾರ್ ದಿನ ನಾನು ಬಿಭಾ ಅವರ ಒಂದು ಸ್ಲೈಡ್ ಹಾಕಿದ್ದೆ. ಟೈಮ್ ಆಯ್ತು ಅಂತ ತೋರಿಸೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆದೆ. ಬಂಪ್ ಬಿರುಕು ಬಿಟ್ಟ ಪಿಕ್ಸೆಲ್ ಅಂದಾಗೆಲ್ಲಾ ನಂಗೆ ಅವರೇ ನೆನಪಾಗ್ತಾರೆ. ನೋಡಿದ್ದರು, ಸರಿಯಾಗೇ ನೋಡಿದ್ದರು, ನಮಗೆ ತಲುಪೋ ದಾರಿಯಲ್ಲಿ ಎಲ್ಲೋ ಜಾಯಿಂಟ್ ಬಿಟ್ಟುಹೋಗಿತ್ತು. ಒಳ್ಳೇ ಪ್ಲೇಟ್ ಮಾಡೋದು, ಗಟ್ಟಿ ಬಂಪ್ ಕೂರಿಸೋದು, ಇದೆಲ್ಲಾ ಫಿಸಿಕ್ಸ್‌ನವರ ಕೆಲಸಕ್ಕಿಂತ ಕೆಳಗಿಂದು ಅಂತ ನಾನು ಅಂದ್ಕೊಂಡಿದ್ದೆ. ಈಗ ಹಾಗನ್ಸಲ್ಲ. ಲ್ಯಾಬಲ್ಲಿ ಡ್ರೈ ಜಾಯಿಂಟ್ ಬಂದ್ರೆ ಬೈಕೊಳ್ಳದೆ ಇನ್ನೊಂದ್ಸಲ ಸೋಲ್ಡರ್ ಮಾಡ್ತೀನಿ.