ಇಂದಿನ ಧಮ್ಮ ಚಿಂತನೆ: ಓದಲು ಬಂದವರು ಕಂಡ ನಮ್ಮ ನಾಡು



ಸುಮಾರು ಕ್ರಿ.ಶ. 629. ಚೀನಾದಲ್ಲಿ ಇನ್ನೂ ಮೂವತ್ತು ತುಂಬದ ಒಬ್ಬ ಭಿಕ್ಖು, ಹೆಸರು ಹ್ಯೂಯೆನ್ ತ್ಸಾಂಗ್. ಅಲ್ಲಿ ಸಿಗುತ್ತಿದ್ದ ಧಮ್ಮಗ್ರಂಥಗಳ ಅನುವಾದಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬುದ್ಧರ ನಾಡಿಗೇ ಹೋಗಿ ಮೂಲವನ್ನು ಓದಬೇಕೆಂದು ಅವರು ಹೊರಟರು. ದೇಶ ಬಿಡಲು ಅಪ್ಪಣೆ ಇರಲಿಲ್ಲ. ಕಾವಲಿನವರ ಕಣ್ತಪ್ಪಿಸಿ, ಮರಳುಗಾಡು, ಹಿಮದ ಬೆಟ್ಟ ದಾಟಿ ಬಂದರು. ನಾಲಂದಾದಲ್ಲಿ ವೃದ್ಧ ಗುರು ಶೀಲಭದ್ರರ ಮುಂದೆ ವಿದ್ಯಾರ್ಥಿಯಾಗಿ ಕುಳಿತರು.

ಅವರು ಗ್ರಂಥಗಳ ಜೊತೆಗೆ ಜನರನ್ನೂ ಓದಿದರು. ಇಲ್ಲಿನವರು ಊಟಕ್ಕೆ ಮುಂಚೆ ತೊಳೆದುಕೊಳ್ಳುವುದು, ಉಳಿದದ್ದನ್ನು ಮತ್ತೆ ಬಡಿಸದಿರುವುದು, ಮಣ್ಣಿನ ಪಾತ್ರೆಯನ್ನು ಒಮ್ಮೆ ಬಳಸಿ ಎಸೆಯುವುದು, ಉಂಡ ಮೇಲೆ ಕಡ್ಡಿಯಿಂದ ಹಲ್ಲುಜ್ಜುವುದು, ಎಲ್ಲವನ್ನೂ ಬರೆದಿಟ್ಟರು.

ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಬಂದರು. ಜನ ಉಪಕಾರ ಮರೆಯದವರು, ಅವಮಾನ ಸಹಿಸದವರು, ಹರ್ಷನಿಗೂ ಬಗ್ಗದವರು ಎಂದು ಮೆಚ್ಚಿ ಬರೆದರು. ಅಲ್ಲಿ ನೂರರಷ್ಟು ವಿಹಾರಗಳು, ಸುಮಾರು 5000 ಭಿಕ್ಖುಗಳು ಇದ್ದರೆಂದೂ ದಾಖಲಿಸಿದರು.

ಆದರೆ ಮೆಚ್ಚಿದ್ದನ್ನು ಮಾತ್ರ ಬರೆದು ನಿಲ್ಲಿಸಲಿಲ್ಲ. ಭಾರತದ ಊರುಗಳಲ್ಲಿ ಕಟುಕರು, ಮೀನುಗಾರರು, ಕಸ ಬಳಿಯುವವರು ಊರ ಹೊರಗೆ ಇರಬೇಕಿತ್ತು. ಅವರ ಮನೆಗಳಿಗೆ ಗುರುತು. ಓಡಾಡುವಾಗ ದಾರಿಯ ಎಡಕ್ಕೆ ಸರಿದು ನಡೆಯಬೇಕು. ಇದನ್ನು ಧರ್ಮವೆಂದು ಬರೆದವರು ಇಲ್ಲಿದ್ದರು. ಕಂಡದ್ದನ್ನು ಕಂಡಂತೆ ಬರೆದವರು ಈ ಪರದೇಶಿ ವಿದ್ಯಾರ್ಥಿ.

645ರಲ್ಲಿ 657 ಗ್ರಂಥಗಳನ್ನು ಹೊತ್ತು ಅವರು ಸ್ವದೇಶ ಸೇರಿದರು. ಚಕ್ರವರ್ತಿ ಕೊಡಲು ಬಂದ ಪದವಿ ಬೇಡವೆಂದರು. ಮರು ವರ್ಷ ಪ್ರವಾಸದ ವೃತ್ತಾಂತ ಮುಗಿಸಿದರು. 664ರಲ್ಲಿ ತೀರಿಕೊಳ್ಳುವ ತನಕ ಅನುವಾದದಲ್ಲೇ ತೊಡಗಿದ್ದರು.

ಸುಮಾರು 1300 ವರ್ಷಗಳ ನಂತರ, ಕೊಲಂಬಿಯಾದಲ್ಲಿ ಓದಿ ಬಂದ ಇನ್ನೊಬ್ಬ ವಿದ್ಯಾರ್ಥಿ ಆ ಬರಹವನ್ನು ಕೈಗೆತ್ತಿಕೊಂಡರು. ಅಸ್ಪೃಶ್ಯತೆ ಯಾವ ಕಾಲದಲ್ಲಿ ಹುಟ್ಟಿತು ಎಂದು ಹುಡುಕುತ್ತಾ ಬಾಬಾಸಾಹೇಬರು 1948ರ ತಮ್ಮ ‘ದಿ ಅನ್‌ಟಚಬಲ್ಸ್’ ಗ್ರಂಥದಲ್ಲಿ ಹ್ಯೂಯೆನ್ ತ್ಸಾಂಗರ ಮಾತನ್ನು ಸಾಕ್ಷಿಯಾಗಿ ಇಟ್ಟು ತೂಗಿದರು. ಹುಟ್ಟಿದ ಕಾಲವೊಂದು ಇದ್ದರೆ ಅದು ಸನಾತನವಲ್ಲ, ಅಳಿಯಲೂಬಹುದು.

ಬಂಧುಗಳೇ, ನಮ್ಮ ವಿನೋಬನಗರದ ಮಕ್ಕಳೂ ಓದಲು ದೂರ ಹೋಗುತ್ತಾರೆ. ಅಲ್ಲಿನ ಊಟ, ಹಬ್ಬ, ಹಾಡು ಎಲ್ಲವನ್ನೂ ಸವಿಯಲಿ. ಜೊತೆಗೆ ಆ ಊರಿನ ದಾರಿಯಲ್ಲಿ ಯಾರು ಬದಿಗೆ ಸರಿದು ನಡೆಯುತ್ತಿದ್ದಾರೆ ಎಂಬುದನ್ನೂ ನೋಡಲಿ, ಬರೆದಿಡಲಿ. ಇದೂ ಸಮ್ಮಾ ದಿಟ್ಠಿಯೇ.

ಇಂದು ಸಂಜೆ ನಮ್ಮ ಓಣಿಯನ್ನೇ ಒಮ್ಮೆ ಹೊರಗಿನಿಂದ ಬಂದವರ ಕಣ್ಣಿನಿಂದ ನೋಡೋಣ.

ಭವತು ಸಬ್ಬ ಮಂಗಲಂ 🙏
ಅಧ್ಯಯನ ಬಳಗ, ವಿನೋಬನಗರ, ದಾವಣಗೆರೆ