ಕಾಲ್ಚೆಂಡಿನ ಕಲಿ ಅಸ್ಪಾರೂಹೊವ್

ಕಳೆದ ವರ್ಷದ ಅಂತರ ಕಾಲೇಜು ಕಾಲ್ಚೆಂಡಿನ ಪಂದ್ಯದಲ್ಲಿ ನಾನು ಮಾಡಿದ ತಪ್ಪನ್ನು ನಮ್ಮ ಕಾಲೇಜಿನ ಅನೇಕರು ಕಣ್ಣಾರೆ ಕಂಡಿದ್ದಾರೆ. ಆದುದರಿಂದ ಮುಚ್ಚಿಟ್ಟು ಫಲವಿಲ್ಲ. ನನ್ನ ಕಾಲಿಗೆ ಒದ್ದ ಎದುರಾಳಿಯನ್ನು ನಾನು ಸಿಟ್ಟಿನ ಭರದಲ್ಲಿ ನೂಕಿ ಕೆಡವಿದೆ. ತೀರ್ಪುಗಾರರು ನನ್ನನ್ನು ಮೈದಾನದಿಂದ ಹೊರಕ್ಕೆ ಕಳುಹಿಸಿದರು. ಹತ್ತೇ ಮಂದಿ ಉಳಿದ ನಮ್ಮ ತಂಡ ಸೋತಿತು. ಮೂರು ವರ್ಷ ಆಡಿದ್ದೆಲ್ಲ ಒಂದು ಗಳಿಗೆಯಲ್ಲಿ ಮಣ್ಣುಪಾಲಾಯಿತೆಂದು ಕೊರಗುತ್ತ ಕುಳಿತಿದ್ದ ನನಗೆ ನಮ್ಮ ವ್ಯಾಯಾಮ ಶಿಕ್ಷಕರು ಒಬ್ಬ ಬಲ್ಗೇರಿಯನ್ ಆಟಗಾರನ ಕಥೆ ಹೇಳಿದರು. ಆಮೇಲೆ ನಾನು ಓದಿ ತಿಳಿದುದನ್ನೂ ಸೇರಿಸಿ ಅದನ್ನು ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

ಆತನ ಹೆಸರು ಗ್ಯೋರ್ಗಿ ಅಸ್ಪಾರೂಹೊವ್. ಬಲ್ಗೇರಿಯದ ಜನ ಅಕ್ಕರೆಯಿಂದ ಅವನನ್ನು ಗುಂಡಿ ಎಂದು ಕರೆಯುತ್ತಿದ್ದರು. ನಮ್ಮ ಕಿವಿಗೆ ಈ ಹೆಸರು ನಗೆ ತರಿಸಬಹುದು. ಆದರೆ ಆ ನಾಡಿನಲ್ಲಿ ಅದನ್ನು ಉಚ್ಚರಿಸುವಾಗ ಮುದುಕರ ಕಣ್ಣು ಇಂದಿಗೂ ತೇವಗೊಳ್ಳುವುದಂತೆ. ಅವನು ಹುಟ್ಟಿದ್ದು ೧೯೪೩ರ ಮೇ ೪ರಂದು, ರಾಜಧಾನಿ ಸೋಫಿಯಾದಲ್ಲಿ. ಅಲ್ಲಿನ ಲೆವ್‌ಸ್ಕಿ ಸಂಘದಲ್ಲಿಯೇ ಅವನ ಆಟ ಬೆಳೆಯಿತು. ಸೈನ್ಯದ ಕಡ್ಡಾಯ ಸೇವೆಯ ಕಾಲದಲ್ಲಿ ಪ್ಲೋವ್‌ದಿವ್ ಪಟ್ಟಣದ ಬೋತೆವ್ ತಂಡಕ್ಕೆ ಆಡಿದನು. ಆ ತಂಡ ೧೯೬೨ರಲ್ಲಿ ದೇಶದ ಕಪ್ಪನ್ನು ಗೆದ್ದಿತು. ಅದೇ ವರ್ಷ, ೧೯ರ ಹರೆಯದಲ್ಲಿ, ಚಿಲಿ ದೇಶದಲ್ಲಿ ನಡೆದ ವಿಶ್ವಕಪ್ ಪಂದ್ಯಾವಳಿಗೂ ಹೋಗಿಬಂದನು. ೧೯೬೩ರಲ್ಲಿ ಲೆವ್‌ಸ್ಕಿಗೆ ಮರಳಿದವನು ಕೊನೆಯವರೆಗೂ ಅದನ್ನು ಬಿಡಲಿಲ್ಲ. ೧೯೬೫, ೧೯೬೮ ಮತ್ತು ೧೯೭೦ರಲ್ಲಿ ಆ ಸಂಘ ದೇಶದ ಚಾಂಪಿಯನ್ ಆಯಿತು.

ಅವನು ಮುನ್ಪಡೆಯ ಆಟಗಾರ. ತಲೆಯಿಂದ ಚೆಂಡು ಹೊಡೆಯುವುದರಲ್ಲಿ ನಿಪುಣ. ಕಾಲಿನಲ್ಲಿ ಚೆಂಡಿದ್ದಾಗ ಇನ್ನೂ ಅಪಾಯಕಾರಿ. ೧೯೬೫ರ ಡಿಸೆಂಬರ್ ೨೯ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಬೆಲ್ಜಿಯಮ್ಮಿನ ಎದುರು ನಿರ್ಣಾಯಕ ಪಂದ್ಯ ನಡೆಯಿತು. ಗೆದ್ದವರಿಗೆ ಮಾತ್ರ ಇಂಗ್ಲೆಂಡಿನ ವಿಶ್ವಕಪ್ಪಿಗೆ ಪ್ರವೇಶ. ಬಲ್ಗೇರಿಯ ೨–೧ರಿಂದ ಗೆದ್ದಿತು. ಎರಡು ಗೋಲುಗಳೂ ಅಸ್ಪಾರೂಹೊವನವು. ಆ ಋತುವಿನಲ್ಲೇ ಯೂರೋಪಿನ ಕಪ್ಪಿನಲ್ಲಿ ಪೋರ್ತುಗಲ್ಲಿನ ಪ್ರಬಲ ಬೆನ್ಫಿಕಾ ತಂಡದ ಎದುರು ಲೆವ್‌ಸ್ಕಿ ಸೋತರೂ, ಅವನು ಎರಡೂ ಪಂದ್ಯಗಳಲ್ಲಿ ಗೋಲು ಹೊಡೆದು ಹೊರನಾಡಿನವರ ಕಣ್ಣು ಸೆಳೆದನು. ೧೯೬೬ರ ವಿಶ್ವಕಪ್ಪಿನಲ್ಲಿ ಬಲ್ಗೇರಿಯ ಮೂರು ಪಂದ್ಯಗಳನ್ನೂ ಸೋತಿತು. ಇಡೀ ಪಂದ್ಯಾವಳಿಯಲ್ಲಿ ಅವರು ಹೊಡೆದ ಒಂದೇ ಒಂದು ಗೋಲು ಹಂಗೆರಿಯ ವಿರುದ್ಧ, ಅದೂ ಇವನದೇ.

ಎರಡು ವರ್ಷಗಳ ಬಳಿಕ, ೧೯೬೮ರ ಡಿಸೆಂಬರಿನಲ್ಲಿ, ಆಗಿನ ವಿಶ್ವವಿಜೇತರಾದ ಇಂಗ್ಲೆಂಡಿನವರೊಡನೆ ಅವರದೇ ವೆಂಬ್ಲಿ ಮೈದಾನದಲ್ಲಿ ಪಂದ್ಯ. ಅಸ್ಪಾರೂಹೊವ್ ಚೆಂಡನ್ನು ಒಬ್ಬನೇ ದೂರದಿಂದ ಒಯ್ದು, ತಡೆಯಬಂದವರನ್ನು ಹಿಂದೆ ಹಾಕಿ ಗೋಲು ಹೊಡೆದನು. ಪಂದ್ಯ ೧–೧ರಲ್ಲಿ ಸಮವಾಯಿತು. ೧೯೭೦ರಲ್ಲಿ ಮೆಕ್ಸಿಕೋದಲ್ಲಿ ಮೂರನೆಯ ವಿಶ್ವಕಪ್. ಆಗಲೂ ಜಯವಿಲ್ಲ. ನಾಡಿನ ಪರವಾಗಿ ೫೦ ಪಂದ್ಯಗಳಲ್ಲಿ ೧೯ ಗೋಲು ಗಳಿಸಿದ ಈ ಕಲಿ, ವಿಶ್ವಕಪ್ಪಿನಲ್ಲಿ ತನ್ನ ದೇಶದ ಒಂದೇ ಒಂದು ಗೆಲುವನ್ನೂ ಕಾಣಲಿಲ್ಲ. ಬಲ್ಗೇರಿಯಕ್ಕೆ ಆ ಭಾಗ್ಯ ಒದಗಿದ್ದು ೧೯೯೪ರಲ್ಲಿ.

ಈಗ ನಮ್ಮ ಶಿಕ್ಷಕರು ನನಗೆ ಹೇಳಬಯಸಿದ ಸಂಗತಿಗೆ ಬರುತ್ತೇನೆ. ೧೯೭೧ರ ಜೂನ್ ೨೮ರಂದು ಲೆವ್‌ಸ್ಕಿಗೂ ಅದರ ಬದ್ಧ ಪ್ರತಿಸ್ಪರ್ಧಿ ಸೈನ್ಯದ ತಂಡಕ್ಕೂ ಪಂದ್ಯ ನಡೆಯಿತು. ಒಬ್ಬ ಎದುರಾಳಿಯೊಡನೆ ಘರ್ಷಣೆಯಾಗಿ ಅಸ್ಪಾರೂಹೊವನನ್ನೂ ಆ ಎದುರಾಳಿಯನ್ನೂ ಮೈದಾನದಿಂದ ಹೊರಗೆ ಹಾಕಲಾಯಿತು. ಅವನ ಕೊನೆಯ ಪಂದ್ಯ ಅದೇ. ಜೂನ್ ೩೦ರಂದು ಗೆಳೆಯನೂ ಸಹ ಆಟಗಾರನೂ ಆದ ನಿಕೋಲಾ ಕೋತ್ಕೊವನೊಡನೆ ಅವನು ಕಾರಿನಲ್ಲಿ ಹೊರಟಿದ್ದನು. ಸೋಫಿಯಾದ ಆಚೆ ವಿತಿನ್ಯಾ ಕಣಿವೆಯ ದಾರಿಯಲ್ಲಿ ಕಾರು ಲಾರಿಗೆ ಬಡಿಯಿತು. ಇಬ್ಬರೂ ಉಳಿಯಲಿಲ್ಲ. ಅಸ್ಪಾರೂಹೊವನಿಗೆ ಆಗ ೨೮ ವರ್ಷ.

ಲಕ್ಷಕ್ಕೂ ಮಿಕ್ಕ ಜನ ಶವಸಂಸ್ಕಾರಕ್ಕೆ ನೆರೆದರು. ಎರಡು ದಿನಗಳ ಹಿಂದಿನ ಅಪಮಾನವನ್ನು ಅವರಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಂದು ಲೆವ್‌ಸ್ಕಿಯ ಮೈದಾನಕ್ಕೆ ಅವನದೇ ಹೆಸರಿದೆ.

ಈ ಕಥೆ ಕೇಳಿ ನನಗೆ ಮೊದಲು ಸಮಾಧಾನವೇ ಆಯಿತು. ಜನ ಒಂದು ಗಳಿಗೆಯನ್ನಲ್ಲ, ಇಡೀ ಆಟವನ್ನು ನೋಡುತ್ತಾರೆ ಎಂದುಕೊಂಡೆ. ಆದರೆ ರಾತ್ರಿ ಮಲಗಿದಾಗ ಬೇರೊಂದು ಯೋಚನೆ ಬಂತು. ಜನ ಕ್ಷಮಿಸಿದರೇನೋ ನಿಜ. ಆದರೆ ಆ ಎದುರಾಳಿಯ ಕೈ ಹಿಡಿದು ಇನ್ನೊಮ್ಮೆ ಆಡಲು ಅವನಿಗೆ ಮತ್ತೊಂದು ಪಂದ್ಯ ಸಿಗಲಿಲ್ಲ. ನನಗಾದರೋ ದಿನಗಳಿದ್ದವು. ಮರುದಿನವೇ ಬಸ್ಸು ಹತ್ತಿ ಆ ಹುಡುಗನ ಕಾಲೇಜಿಗೆ ಹೋದೆ. ಅವನು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದನು. ನನ್ನನ್ನು ಕಂಡು ಮೊದಲು ಬೆರಗಾದನು, ಆಮೇಲೆ ಪಕ್ಕಕ್ಕೆ ಸರಿದು ಕುಳಿತುಕೊಳ್ಳಲು ಜಾಗ ಕೊಟ್ಟನು.