ಮರದ ಅರ್ಧ ಪಾಲು ಎಲ್ಲಿ ಹೋಗುತ್ತೆ? ಲೆಕ್ಕ ಬಿಡಿಸಿದ ಆನ್ಸೆಲ್ಮ್ ಪಾಯೆನ್ ಬದುಕಿನ ಕಥೆ

ಹರಿಹರ: ಕುಮಾರಪಟ್ಟಣದ ಕಡೆಗೆ ನೀಲಗಿರಿ ದಿಮ್ಮಿ ಹೇರಿಕೊಂಡು ಹೋಗುವ ಲಾರಿಗಳು ನಮಗೇನೂ ಹೊಸದಲ್ಲ. ಆ ಲೋಡಿನಲ್ಲಿ ಮರದ ಒಣತೂಕದ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಪಲ್ಪ್ ಆಗಿ ಹೊರಗೆ ಬರುತ್ತದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾದ್ರೆ ಉಳಿದ ಅರ್ಧ ಏನು? ಈ ಲೆಕ್ಕವನ್ನು ಮೊದಲು ಬಿಡಿಸಿದ್ದು ಪ್ಯಾರಿಸ್ಸಿನ ಒಬ್ಬ ಫ್ಯಾಕ್ಟರಿ ಮಾಲೀಕರು. ಹೆಸರು ಆನ್ಸೆಲ್ಮ್ ಪಾಯೆನ್. ಪಿಯುಸಿ ಸೈನ್ಸ್ ಓದಿದವರೆಲ್ಲ ಬಾಯಿಪಾಠ ಮಾಡಿದ ಸೆಲ್ಯುಲೋಸ್ ಎಂಬ ವಸ್ತುವನ್ನು ಪತ್ತೆ ಮಾಡಿದವರು ಇವರೇ.

ಪಾಯೆನ್ ಹುಟ್ಟಿದ್ದು 1795ರ ಜನವರಿ 6ರಂದು, ಫ್ರಾನ್ಸಿನ ಮಹಾಕ್ರಾಂತಿಯ ಬಿಸಿ ಇನ್ನೂ ಆರಿರಲಿಲ್ಲ. ಅಪ್ಪ ಕಾನೂನು ಓದಿದವರು, ಆದರೆ ಕೈಹಾಕಿದ್ದು ಫ್ಯಾಕ್ಟರಿ ಕೆಲಸಕ್ಕೆ. ಪ್ಯಾರಿಸ್ ಪಕ್ಕದ ಗ್ರೆನೆಲ್‌ನಲ್ಲಿ ನವಸಾಗರ ತಯಾರಿಸುತ್ತಿದ್ದರು. ಮಗನಿಗೆ ವಿಜ್ಞಾನದ ಮೊದಲ ಪಾಠ ಹೇಳಿದ್ದೂ ಅಪ್ಪನೇ. ಆಮೇಲೆ ವೊಕ್ಲ್ಯಾ, ಶೆವ್ರಲ್ ಅವರಂಥ ಹೆಸರಾಂತ ರಸಾಯನಶಾಸ್ತ್ರಜ್ಞರ ಬಳಿ ಹುಡುಗ ಕಲಿತ.

23ನೇ ವಯಸ್ಸಿಗೆ ಪಾಯೆನ್ ಅವರ ಕೈಗೆ ಒಂದು ಫ್ಯಾಕ್ಟರಿಯ ಉಸ್ತುವಾರಿ ಬಂತು. ಅಲ್ಲಿ ತಯಾರಾಗುತ್ತಿದ್ದದ್ದು ಬಿಳಿಗಾರ. ಅಕ್ಕಸಾಲಿಗರ ಅಂಗಡಿಯಲ್ಲಿ ಬೆಸುಗೆಗೆ ಹಾಕ್ತಾರಲ್ಲ, ಅದೇ. ಆಗ ಯೂರೋಪಿಗೆ ಬಿಳಿಗಾರ ಬರುತ್ತಿದ್ದದ್ದು ಪೂರ್ವದೇಶಗಳಿಂದ, ವ್ಯಾಪಾರ ಪೂರ್ತಿ ಡಚ್ಚರ ಮುಷ್ಟಿಯಲ್ಲಿ. ಅವರು ಹೇಳಿದ್ದೇ ರೇಟು. ಪಾಯೆನ್ ಏನು ಮಾಡಿದರು ಅಂದ್ರೆ, ಇಟಲಿಯಿಂದ ಬೋರಿಕ್ ಆಮ್ಲ ತರಿಸಿ, ಅದನ್ನು ಸೋಡಾ ಜೊತೆ ಸೇರಿಸಿ, ಬಿಳಿಗಾರವನ್ನು ತಾವೇ ತಯಾರಿಸಿದರು. ಮಾರ್ಕೆಟ್ ರೇಟಿನ ಮೂರನೇ ಒಂದು ಪಾಲಿಗೆ ಮಾರಿದರು. ಡಚ್ಚರ ಏಕಸ್ವಾಮ್ಯ ಅಲ್ಲಿಗೆ ಮುಗಿಯಿತು. ಎದುರು ಅಂಗಡಿಯವನು ಇದ್ದಕ್ಕಿದ್ದಂತೆ ಮೂರನೇ ಒಂದು ಬೆಲೆಗೆ ಮಾಲು ಕೊಟ್ಟರೆ ಏನಾಗುತ್ತೆ ಅಂತ ನಮ್ಮ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಅಪ್ಪ ತೀರಿಕೊಂಡ ಮೇಲೆ ಎಲ್ಲ ಕಾರ್ಖಾನೆಗಳ ಹೊಣೆ ಇವರ ಹೆಗಲಿಗೇ ಬಿತ್ತು. ಬೀಟ್‌ರೂಟ್ ಸಕ್ಕರೆಯ ಬಣ್ಣ ತೆಗೆಯಲು ಎಲುಬಿನ ಇದ್ದಿಲು ಬಳಸುವುದರ ಮೇಲೆ ಕೆಲಸ ಮಾಡಿದರು. 1830ರಲ್ಲಿ, ಹಳ್ಳಿಗಳಲ್ಲಿ ಸತ್ತ ದನಕರುಗಳ ಯಾವ ಭಾಗವೂ ವ್ಯರ್ಥವಾಗದಂತೆ ಹೇಗೆ ಉಪಯೋಗಿಸಬಹುದು ಎಂಬ ಪುಸ್ತಕ ಬರೆದರು. ರಕ್ತ, ಎಲುಬು, ಕೊಂಬು, ಎಲ್ಲದಕ್ಕೂ ಅವರ ಬಳಿ ಲೆಕ್ಕ ಇತ್ತು. ಮುಂದೆ ಬುಸೆಂಗೋ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ, ಯಾವ ಗೊಬ್ಬರದಲ್ಲಿ ಎಷ್ಟು ಸಾರಜನಕ ಇದೆ ಅಂತ ಅಳೆದರು. ಕಸ ಅನ್ನೋ ಮಾತೇ ಇವರಿಗೆ ಹಿಡಿಸುತ್ತಿರಲಿಲ್ಲವೇನೋ ಅನಿಸುತ್ತೆ. ಈ ಗುಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1833ರಲ್ಲಿ ಪೆರ್ಸೋ ಎಂಬವರ ಜೊತೆ ಸೇರಿ, ಮೊಳಕೆ ಬರಿಸಿದ ಬಾರ್ಲಿಯಿಂದ ಒಂದು ವಸ್ತು ಬೇರ್ಪಡಿಸಿದರು. ಅದು ಪಿಷ್ಟವನ್ನು ಸಕ್ಕರೆ ಮಾಡುತ್ತಿತ್ತು. ಮನೆಯಲ್ಲಿ ಮೊಳಕೆ ರಾಗಿಯ ಹಿಟ್ಟು ಸಿಹಿ ಹತ್ತುತ್ತಲ್ಲ, ಆ ಕೆಲಸ ಮಾಡುವುದೂ ಇಂಥದ್ದೇ ವಸ್ತು. ಅದಕ್ಕೆ ಡಯಾಸ್ಟೇಸ್ ಅಂತ ಹೆಸರಿಟ್ಟರು. ಹೀಗೆ ಬೇರ್ಪಡಿಸಿದ ಮೊದಲ ಕಿಣ್ವ ಅದು.

ನಂತರ ಬಂತು ಮರದ ವಿಷಯ. ಆಗ ಕಾಗದ ತಯಾರಾಗುತ್ತಿದ್ದದ್ದು ಹಳೆ ಬಟ್ಟೆಯ ಚಿಂದಿಯಿಂದ. ಪೇಪರ್, ಪುಸ್ತಕ ಹೆಚ್ಚಾದಂತೆ ಚಿಂದಿ ಸಾಲದಾಯಿತು. ಆದರೆ ಪಾಯೆನ್ ಕಾಗದಕ್ಕಾಗಿ ಹುಡುಕಲಿಲ್ಲ. ಗಿಡಮರಗಳ ಜೀವಕೋಶದ ಗೋಡೆ ಯಾವುದರಿಂದ ಆಗಿದೆ ಅಂತ ತಿಳಿಯುವುದಷ್ಟೇ ಅವರಿಗೆ ಬೇಕಿತ್ತು. ಓಕ್ ಮುಂತಾದ ಮರಗಳ ಚೂರುಗಳನ್ನು ನೈಟ್ರಿಕ್ ಆಮ್ಲದಲ್ಲಿ ನೆನೆಸಿದರು, ಆಮೇಲೆ ಸೋಡಾದಂಥ ಕ್ಷಾರದಲ್ಲಿ ತೊಳೆದರು. ಒಂದಷ್ಟು ಭಾಗ ಕರಗಿ ಹೋಯಿತು, ಕೊನೆಗೆ ಬಿಳಿಯ ನಾರಿನಂಥದ್ದು ಉಳಿಯಿತು. ಮರ ಯಾವುದೇ ಇರಲಿ, ಆ ಬಿಳಿ ವಸ್ತು ಒಂದೇ. ಅಳೆದು ನೋಡಿದರೆ ಅದರ ಇಂಗಾಲ, ಜಲಜನಕದ ಪ್ರಮಾಣ ಪಿಷ್ಟದ್ದೇ! 1838ರಲ್ಲಿ ಇದನ್ನು ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಸೆಲ್ಯುಲೋಸ್ ಎಂಬ ಹೆಸರು ಮರುವರ್ಷ ಬಳಕೆಗೆ ಬಂತು.

ಇಟ್ಟಿಗೆ ಗೋಡೆ ಇದ್ದ ಹಾಗೆ ಅಂದುಕೊಳ್ಳಿ. ಸೆಲ್ಯುಲೋಸ್ ಇಟ್ಟಿಗೆ. ಅದರ ಸುತ್ತ ಮೆತ್ತಿಕೊಂಡು ಮರಕ್ಕೆ ಬಿಗಿ ಕೊಡುವ ಗಾರೆಯೇ ಕರಗಿ ಹೋದ ಭಾಗ. ಇವತ್ತು ಆ ಗಾರೆಗೆ ಲಿಗ್ನಿನ್ ಅಂತಾರೆ. ಪಾಯೆನ್ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಫ್ರೆಮಿ ಎಂಬ ರಸಾಯನಶಾಸ್ತ್ರಜ್ಞರು, ಎಲ್ಲ ಗಿಡದಲ್ಲೂ ಒಂದೇ ವಸ್ತು ಇರಲಿಕ್ಕೆ ಸಾಧ್ಯವಿಲ್ಲ, ಬೇರೆ ಬೇರೆ ಬಗೆಗಳಿವೆ ಅಂತ ವಾದಕ್ಕಿಳಿದರು. ಕೊನೆಗೆ ಉಳಿದದ್ದು ಪಾಯೆನ್ ಅವರ ಲೆಕ್ಕವೇ.

ಗಾರೆ ಕರಗಿಸಿದರೆ ಇಟ್ಟಿಗೆ ಸಿಗುತ್ತೆ ಅಂತ ಗೊತ್ತಾದ ಮೇಲೆ ಅದನ್ನು ದೊಡ್ಡದಾಗಿ ಮಾಡುವವರು ಬರಬೇಕಲ್ಲ, ಬಂದರು. 1850ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವಾಟ್ ಮತ್ತು ಹ್ಯೂ ಬರ್ಜೆಸ್ ಮರದ ಚಕ್ಕೆಯನ್ನು ಕಾಸ್ಟಿಕ್ ಸೋಡಾದಲ್ಲಿ ಒತ್ತಡ ಹಾಕಿ ಬೇಯಿಸಿ ಪಲ್ಪ್ ತೆಗೆದರು. ತಮ್ಮ ದೇಶದಲ್ಲಿ ಕೇಳುವವರಿಲ್ಲದೆ ಬರ್ಜೆಸ್ ಅಮೆರಿಕಕ್ಕೆ ಹೋದರು. ಅಲ್ಲಿ ಪೆನ್ಸಿಲ್ವೇನಿಯಾದ ಮಾನಯಂಕ್‌ನಲ್ಲಿ 1860ರ ದಶಕದಲ್ಲಿ ದೊಡ್ಡ ಮಿಲ್ ಶುರುವಾಯಿತು. ಬೇಯಿಸಿದ್ದು ಪಾಪ್ಲರ್ ಮರ. ಇದು ನಮ್ಮ ನೀಲಗಿರಿ, ಅಕೇಶಿಯಾದ ಹಾಗೆ ಹಾರ್ಡ್‌ವುಡ್ ಗುಂಪಿನದು. ಇವುಗಳ ನಾರು ಸುಮಾರು 1 ಮಿಲಿಮೀಟರ್ ಉದ್ದ, ಪೈನ್ ಜಾತಿಯದ್ದು ಸುಮಾರು 3 ಮಿಲಿಮೀಟರ್. ಸಿಮೆಂಟ್ ಚೀಲಕ್ಕೆ ಉದ್ದ ನಾರು ಬೇಕು. ಮಕ್ಕಳ ನೋಟ್‌ಬುಕ್, ಅಂಗಡಿಯ ಬಿಲ್ ಬುಕ್ಕಿನ ನುಣುಪಾದ ಹಾಳೆಗೆ ಗಿಡ್ಡ ನಾರೇ ಸರಿ.

ಪಾಯೆನ್ ತೀರಿಕೊಂಡ ಮೇಲೆ, 1879ರ ಸುಮಾರಿಗೆ, ಡಾನ್ಜಿಗ್ ಊರಿನ ಕಾರ್ಲ್ ಡಾಲ್ ಅಗ್ಗದ ರಾಸಾಯನಿಕ ಹುಡುಕುತ್ತಾ ಸೋಡಿಯಂ ಸಲ್ಫೇಟ್ ಬಳಸಿದರು. ಗಟ್ಟಿ ಪಲ್ಪ್ ಬಂತು. ಅದೇ ಕ್ರಾಫ್ಟ್ ವಿಧಾನ, ಇವತ್ತು ಜಗತ್ತಿನಲ್ಲಿ ಹೆಚ್ಚು ಪಲ್ಪ್ ಆಗುವುದು ಇದರಿಂದಲೇ. ಚಕ್ಕೆಯನ್ನು ಡೈಜೆಸ್ಟರ್ ಎಂಬ ದೈತ್ಯ ಕುಕ್ಕರಿಗೆ ತುಂಬಿ, ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ 160-170 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಮಿಲ್ ಊರುಗಳಲ್ಲಿ ಬರುವ ಕೊಳೆತ ಮೊಟ್ಟೆಯಂಥ ವಾಸನೆಗೆ ಈ ಗಂಧಕವೇ ಕಾರಣ. ಕರಗಿದ ಲಿಗ್ನಿನ್ ಎಲ್ಲ ಬ್ಲ್ಯಾಕ್ ಲಿಕ್ಕರ್ ಎಂಬ ಕಪ್ಪು ನೀರಲ್ಲಿ ಸೇರುತ್ತೆ. ಅದನ್ನು ಗಟ್ಟಿ ಮಾಡಿ ಬಾಯ್ಲರ್‌ನಲ್ಲಿ ಉರಿಸಿದರೆ ಹಬೆ, ಕರೆಂಟು ಎರಡೂ ಸಿಗುತ್ತವೆ, ಸೋಡಾ ಕೂಡ ವಾಪಸ್ ಬರುತ್ತೆ. ಉರಿಸದೆ ಬಿಟ್ಟರೆ ಹೋಗುವುದು ಹೊಳೆಗೆ. ಜಗತ್ತಿನ ಎಷ್ಟೋ ಮಿಲ್ಲುಗಳು ಬಹಳ ವರ್ಷ ಮಾಡಿದ್ದು ಅದನ್ನೇ. ಸತ್ತ ದನದ ಕೊಂಬನ್ನೂ ಬಿಸಾಡಬೇಡಿ ಅಂದ ಮನುಷ್ಯನ ಲೆಕ್ಕದಿಂದ ಹುಟ್ಟಿದ ಉದ್ಯಮ ಅರ್ಧ ಮರವನ್ನು ನೀರಿಗೆ ಬಿಟ್ಟಿತು.

ನಮ್ಮ ತುಂಗಭದ್ರೆಗೂ ಈ ಕಥೆ ತಾಗುತ್ತದೆ. ಕುಮಾರಪಟ್ಟಣದಲ್ಲಿ 1972ರಲ್ಲಿ ಶುರುವಾದ ಹರಿಹರ ಪಾಲಿಫೈಬರ್ಸ್‌ನ ಪಲ್ಪ್ ಹೋಗುವುದು ಕಾಗದಕ್ಕಲ್ಲ, ರೇಯಾನ್ ಬಟ್ಟೆಯ ನೂಲಿಗೆ. ಅದಕ್ಕೆ ಇನ್ನೂ ಶುದ್ಧವಾದ ಸೆಲ್ಯುಲೋಸ್ ಬೇಕು. 1980ರ ದಶಕದಲ್ಲಿ ಹೊಳೆ ನೀರಿನ ವಿಚಾರಕ್ಕೆ ದೊಡ್ಡ ಹೋರಾಟ ಆಗಿದ್ದು ಹಿರಿಯರಿಗೆ ನೆನಪಿದೆ. ಆಮೇಲೆ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿ, ಸುಮಾರು 30,000 ಹೆಕ್ಟೇರ್ ಸಾಮೂಹಿಕ ಜಮೀನಿನಲ್ಲಿ ನೀಲಗಿರಿಯಂಥ ಗಿಡ ಬೆಳೆಸಲು ಹೊರಟಿತು. ದನ ಮೇಯಿಸುವುದು ಎಲ್ಲಿ, ಸೌದೆ ತರುವುದು ಎಲ್ಲಿಂದ? 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗವಾಗುವ ಗಿಡ ನೆಟ್ಟರು. ಕಿತ್ತಿಕೊ-ಹಚ್ಚಿಕೊ ಅಂತ ಹೆಸರಾದ ಸತ್ಯಾಗ್ರಹ ಅದು. ಕೊನೆಗೆ ಆ ಜಂಟಿ ಸಂಸ್ಥೆ ಮುಚ್ಚಿತು.

ಪಾಯೆನ್ ವಿಷಯಕ್ಕೆ ವಾಪಸ್ ಬರೋಣ. ಫ್ಯಾಕ್ಟರಿ ನಡೆಸುತ್ತಿದ್ದವರು ಮಧ್ಯವಯಸ್ಸಿನಲ್ಲಿ ಮೇಷ್ಟ್ರಾದರು. ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಆಮೇಲೆ ಸಾರ್ವಜನಿಕರೂ ಬಂದು ಕೂರಬಹುದಾದ ಕನ್ಸರ್ವೇಟ್ವಾರ್ ಸಂಸ್ಥೆಯಲ್ಲಿ ಕೈಗಾರಿಕಾ ರಸಾಯನಶಾಸ್ತ್ರ ಕಲಿಸಿದರು. ಪಾಠಗಳನ್ನು ಪುಸ್ತಕ ಮಾಡಿದರು. ಜನರ ಊಟದ ಪದಾರ್ಥಗಳ ಮೇಲೂ ಬರೆದರು.

ಅವರ ಕೊನೆಯ ದಿನಗಳಲ್ಲಿ ಪ್ಯಾರಿಸ್ ಯುದ್ಧದಲ್ಲಿ ಬೇಯುತ್ತಿತ್ತು. 1870ರ ಸೆಪ್ಟೆಂಬರಿನಿಂದ ಜರ್ಮನ್ ಸೈನ್ಯ ಊರನ್ನು ಸುತ್ತುವರಿದಿತ್ತು, ಜನ ಕುದುರೆ, ಇಲಿ ತಿಂದು ಬದುಕಿದರು. ಮುತ್ತಿಗೆ ಮುಗಿದ ಎರಡೇ ತಿಂಗಳಿಗೆ ಪ್ಯಾರಿಸ್ ಕಮ್ಯೂನಿನ ದಂಗೆ ಎದ್ದಿತು. ಆ ಗದ್ದಲದ ನಡುವೆಯೇ, 1871ರ ಮೇ ತಿಂಗಳಲ್ಲಿ, 76ನೇ ವಯಸ್ಸಿನಲ್ಲಿ ಪಾಯೆನ್ ಪ್ಯಾರಿಸ್ಸಿನಲ್ಲೇ ತೀರಿಕೊಂಡರು. ಅಮೆರಿಕನ್ ಕೆಮಿಕಲ್ ಸೊಸೈಟಿಯ ಸೆಲ್ಯುಲೋಸ್ ವಿಭಾಗ 1962ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ.